ಬಣ್ಣ ಎಂದು ಹೇಳಿದವಳು

ಕೈ ತೊಳೆದುಕೊಂಡು ಬನ್ನಿ ಎಂದು ಆ ಮನೆಯವರಿಗೆ ಬುದ್ಧಿ ಹೇಳದ ಮನುಷ್ಯ ಊರಲ್ಲಿ ಇರಲಿಕ್ಕಿಲ್ಲ. ಅಂಗಡಿಯವನು ಹೇಳಿದ್ದಾನೆ, ಶಾಲೆಯ ಮೇಷ್ಟರು ಹೇಳಿದ್ದಾರೆ, ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಬಾಯಿಬಿಟ್ಟು ಹೇಳದೆ ಮೈಮೇಲಿನ ಬಟ್ಟೆ ಒತ್ತರಿಸಿಕೊಂಡು ಹೇಳಿದ್ದಾಳೆ. ತೊಳೆದರೆ ಹೋಗುವ ಕೊಳೆಯಾಗಿದ್ದರೆ ಯಾರಾದರೂ ಇಟ್ಟುಕೊಳ್ಳುತ್ತಿದ್ದರೇ? ನೂಲಿಗೆ ಬಣ್ಣ ಹಾಕುವವರ ಕೈ ಅದು. ನೂಲಿಗೆ ಹತ್ತಿದ ಬಣ್ಣ ಎಷ್ಟು ಒಗೆದರೂ ಬಿಡಬಾರದು ಎನ್ನುವುದೇ ಆ ಕಸುಬು. ಕೈಗೆ ಹತ್ತಿದ್ದು ಮಾತ್ರ ಬಿಡಬೇಕು ಅಂದರೆ ಬಣ್ಣ ಯಾರ ಮಾತು ಕೇಳುತ್ತದೆ?

ಹಾಗಾಗಿ ಆ ಮನೆಯಲ್ಲಿ ಎಲ್ಲರಿಗೂ ಒಂದು ಮಾತು ಮೈಗಂಟಿಕೊಂಡಿತ್ತು. ಎಲ್ಲಿಗೇ ಹೋಗಲಿ, ಯಾರ ಮುಂದೆಯೇ ಕೈ ಚಾಚಲಿ, ಎದುರಿನವರ ಮುಖ ಹುಳ್ಳಗಾಗುವ ಮೊದಲೇ ಹೇಳಿಬಿಡುವುದು: "ಕೊಳೆ ಅಲ್ಲ, ಬಣ್ಣ."

ಸೊಸೆ ಆ ಮನೆಗೆ ಬಂದಾಗ ಅವಳ ಕೈ ಎಲ್ಲರ ಕೈಯಂತೆಯೇ ಇತ್ತು. ಅವಳಪ್ಪ ಸೈಕಲ್ ರಿಪೇರಿ ಮಾಡುತ್ತಿದ್ದವನು. ಅವನ ಕೈಯ ಗ್ರೀಸು ಸೀಮೆಎಣ್ಣೆಗೆ ಬಿಡುತ್ತಿತ್ತು. ಮದುವೆಯಾಗಿ ಬಂದವಳು ಮೊದಮೊದಲು ಹಿತ್ತಲಿನ ಶೆಡ್ಡಿಗೆ ಇಣುಕಿಯೂ ನೋಡಲಿಲ್ಲ. ಗಂಡ ಲಿಫ್ಟ್ ರಿಪೇರಿ ಕಲಿತು ಕಂಪನಿ ಸೇರಿದ್ದ, ಮೈದುನ ಮೊಬೈಲ್ ಅಂಗಡಿಯಲ್ಲಿ ಸಣ್ಣ ಸಣ್ಣ ಸ್ಕ್ರೂಗಳ ಜೊತೆ ಕಾಲ ಹಾಕುತ್ತಿದ್ದ. ಹಿತ್ತಲಿನ ಹಂಡೆಗಳ ಎದುರು ಉಳಿದವನು ಮಾವ ಒಬ್ಬನೇ. ಬೀದಿಯವರು ಅವನನ್ನು ಬಣ್ಣದಯ್ಯ ಎನ್ನುತ್ತಿದ್ದರು. ಒಂದು ದಿನ ಬಣ್ಣದಲ್ಲಿ ಅದ್ದಿದ ನೂಲಿನ ಲಡಿ ಹಿಂಡುವುದಕ್ಕೆ ಇನ್ನೊಂದು ಜೊತೆ ಕೈ ಬೇಕಾಗಿ, ಇಷ್ಟಗಲ ಬಾಯಿ ಮಾಡಿಕೊಂಡು, "ಸೊಸೆ ಅಂದ್ಮೇಲೆ ಮಾವನ ಜೊತೆ ಜಗಳ ಆಡಬೇಕಂತೆ. ಅಲ್ಲೆಲ್ಲೋ ನಿಂತು ಆಡೋ ಬದಲು ಈ ಕೊನೆ ಹಿಡ್ಕೊಂಡು ಆಡು ಬಾ" ಎಂದಿದ್ದ. ಅವಳು ರಬ್ಬರ್ ಗವಸು ಕೇಳಿದ್ದಳು. "ಹಾಕ್ಕೋ, ಯಾರು ಬೇಡ ಅಂದ್ರು? ಮಗೂಗೆ ಗವಸು ಹಾಕ್ಕೊಂಡು ಸ್ನಾನ ಮಾಡಿಸಿದ ಹಾಗಿರುತ್ತೆ ಅಷ್ಟೆ." ತಿಂಗಳು ಕಳೆಯುವುದರೊಳಗೆ ಗವಸು ಗೂಟದ ಮೇಲೆ ನೇತಾಡುತ್ತಿತ್ತು, ಸೊಸೆಯ ಉಗುರು ನೀಲಿಯಾಗಿತ್ತು.

ಅಲ್ಲಿಂದಾಚೆ ಶೆಡ್ಡು ಇಬ್ಬರದೂ ಆಯಿತು. ಮಾವ ಹಂಡೆಯ ಹದ ನೋಡುವವನು, ಸೊಸೆ ಲಡಿ ತಿರುಗಿಸುವವಳು. ಬಣ್ಣ ಹಿಡಿಯುವುದಕ್ಕೆ ಹಂಡೆಯ ನೀರಿಗೆ ಉಪ್ಪು ಹಾಕಬೇಕು. ಹೆಚ್ಚಾದರೆ ಬಣ್ಣ ಮಚ್ಚೆಮಚ್ಚೆಯಾಗಿ ಕೂರುತ್ತದೆ, ಕಡಿಮೆಯಾದರೆ ಕೂರುವುದೇ ಇಲ್ಲ. ಅಳೆಯುವುದಕ್ಕೆ ಗಾಜಿನ ಕೊಳವೆ ಇದೆ. ಮಾವ ಅದನ್ನು ಮುಟ್ಟಿದವನಲ್ಲ. ಕೋಲಿನ ತುದಿಯನ್ನು ನೀರಿಗೆ ಅದ್ದಿ ತುಟಿಗೆ ತಾಗಿಸಿಕೊಂಡು, ನಾಲಿಗೆ ಚಪ್ಪರಿಸಿ, "ಇನ್ನೊಂದು ಹಿಡಿ" ಎನ್ನುತ್ತಿದ್ದ. ಅತ್ತೆಗೆ ಇದನ್ನು ಕಂಡರೆ ಮೈ ಉರಿ. "ನಾನು ಮಾಡಿದ ಅಡುಗೆಗೆ ಉಪ್ಪು ಸಾಲದು ಅಂತ ಮೂತಿ ತಿರುವ್ತೀರಿ. ಆ ಹಂಡೆ ನೀರನ್ನ ಮಾತ್ರ ಚಪ್ಪರಿಸ್ಕೊಂಡು ಕುಡೀತೀರಿ. ಅದನ್ನೇ ಕಟ್ಕೋಬೇಕಿತ್ತು."

"ಅದು ತಿರುಗಿ ಮಾತಾಡಲ್ಲ ಕಣೇ," ಎನ್ನುತ್ತಿದ್ದ ಬಣ್ಣದಯ್ಯ. ನೀಲಿ ಹಾಕಿದ ದಿನ ಅವನ ತುಟಿಯಂಚು ನೀಲಿಯಾಗಿಯೇ ಇರುತ್ತಿತ್ತು.

ಈ ಎರಡು ಸಂಗತಿ, ಉಗುರು ಮತ್ತು ತುಟಿ, ಸೊಸೆಗೆ ಎಷ್ಟು ಪರಿಚಿತವೆಂದರೆ ಅವು ಅವಳ ಕಣ್ಣಿಗೆ ಬೀಳುವುದನ್ನೇ ಬಿಟ್ಟಿದ್ದವು.

ಆವತ್ತೂ ನೀಲಿಯ ದಿನ. ಅದಕ್ಕೆ ಹಿಂದಿನ ವಾರ ಮಾವ ಒದ್ದೆ ನೆಲದಲ್ಲಿ ಜಾರಿ ಪಾದ ಉಳುಕಿಸಿಕೊಂಡಿದ್ದ. ಮೀನಖಂಡ ಊದಿಕೊಂಡು ಬಿಗಿದಿತ್ತು. ಕಾಲನ್ನು ಬೆಂಚಿನ ಮೇಲೆ ಚಾಚಿಕೊಂಡು, ಕೂತಲ್ಲಿಂದಲೇ ಸೊಸೆಗೆ ಹುಕುಂ ಮಾಡುತ್ತ ದಿನ ದೂಡಿದ್ದ. ಆವತ್ತು ಬೆಳಗ್ಗೆ ಮಾತ್ರ, "ಕೂತೂ ಕೂತೂ ಬೇರು ಬಿಡ್ತೀನಿ" ಎಂದು ಎದ್ದು ಹಂಡೆಯ ಹತ್ತಿರ ಹೋದ. ಕೋಲು ಅದ್ದಿದ, ತುಟಿಗೆ ತಾಗಿಸಿದ. ಎದೆಯ ಮೇಲೆ ಕೈ ಇಟ್ಟುಕೊಂಡು, ಓಡಿ ಬಂದವನ ಹಾಗೆ ಏದುಸಿರು ಬಿಡುತ್ತ ನೆಲಕ್ಕೆ ಕುಸಿದು ಕೂತ.

"ಮಾವಾ!"

"ಏನಿಲ್ಲ... ಉಸಿರು... ಉಸಿರು ಹತ್ತುತಿಲ್ಲ ಕಣಮ್ಮ."

ನೂಲು ಹಾಕಿಹೋಗಲು ಬಂದಿದ್ದ ಟೆಂಪೋ ಇನ್ನೂ ಬಾಗಿಲಲ್ಲೇ ನಿಂತಿತ್ತು. ಡ್ರೈವರನೂ ಅವಳೂ ಸೇರಿ ಮಾವನನ್ನು ನೂಲಿನ ಮೂಟೆಗಳಿಗೆ ಒರಗಿಸಿ ಕೂರಿಸಿದರು. ಅತ್ತೆ ಪೇಟೆಗೆ ಹೋಗಿದ್ದಳು. ಹೊರಡುವಾಗ ಮನೆಗೆ ಬೀಗ ಹಾಕಿದ್ದೆನೋ ಇಲ್ಲವೋ ಎಂಬುದೂ ಸೊಸೆಗೆ ನೆನಪಿಲ್ಲ.

ಸರ್ಕಾರಿ ದೊಡ್ಡಾಸ್ಪತ್ರೆಯ ತುರ್ತು ವಿಭಾಗ ಎಂದರೆ ಒಂದು ಉದ್ದನೆಯ ಹಜಾರ. ತುರ್ತು ಎಂಬ ಪದವನ್ನು ಬಾಗಿಲ ಮೇಲೆ ಬರೆದಿದ್ದಾರೆ, ಒಳಗೆ ಎಲ್ಲೂ ಕಾಣುವುದಿಲ್ಲ. ಮಂಚ ಸಿಕ್ಕವರು ಮಂಚದ ಮೇಲೆ, ಸಿಗದವರು ಬೆಂಚಿನ ಮೇಲೆ, ಬೆಂಚೂ ಸಿಗದವರು ಗೋಡೆಗೆ. ಅಷ್ಟೂ ಜನಕ್ಕೆ ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು. ಮಾವನಿಗೆ ಬೆಂಚು ಸಿಕ್ಕಿತು.

ಇಬ್ಬರಲ್ಲಿ ಚಿಕ್ಕವಳಾದ ನರ್ಸು ಬಂದಳು. ಮೈಯಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ, ಬೆರಳಿಗೆ ಸಿಕ್ಕಿಸುವ ಕ್ಲಿಪ್ಪನ್ನು ಮಾವನ ತೋರುಬೆರಳಿಗೆ ಹಾಕಿದಳು. ಅಂಕಿ ನೋಡಿ ಅವಳ ಮುಖ ಬಿಗಿಯಿತು. ತೆಗೆದು ನಡುಬೆರಳಿಗೆ ಹಾಕಿದಳು. ಮತ್ತೂ ಅದೇ. ಆಕೆ ಒಂದು ಮಾತೂ ಆಡದೆ ತಿರುಗಿ, ಮೂಲೆಯಲ್ಲಿದ್ದ ಆಕ್ಸಿಜನ್ ಸಿಲಿಂಡರಿನ ಗಾಡಿಗೆ ಕೈ ಹಾಕಿದಳು. ಕೈ ಹಾಕಿಯೂ ಆಗಿತ್ತು. ಗಾಡಿಯ ಗಾಲಿ ಒಂದು ಸುತ್ತು ತಿರುಗಿಯೂ ಆಗಿತ್ತು.

ಸೊಸೆ ಕಂಡದ್ದು ಅದಲ್ಲ. ಅವಳು ಕಂಡದ್ದು ಬಿಗಿದ ಮುಖ. ಮಾವನ ಬೆರಳು ನೋಡಿ ಬಿಗಿದ ಇನ್ನೊಂದು ಮುಖ. ಬಾಯಿ ತಾನಾಗಿ ತೆರೆಯಿತು.

"ಕೊಳೆ ಅಲ್ಲ ಸಿಸ್ಟರ್, ಬಣ್ಣ. ನೂಲಿಗೆ ಬಣ್ಣ ಹಾಕೋರು ನಾವು. ಉಗುರು ಯಾವಾಗ್ಲೂ ಹೀಗೇ ನೀಲಿ. ನೋಡಿ, ನಂದೂ ಹಂಗೇ." ತನ್ನ ಎರಡೂ ಕೈ ಚಾಚಿ ತೋರಿಸಿದಳು.

ನರ್ಸು ನಿಂತಳು. "ಬಣ್ಣಾನಾ? ತುಟೀನೂ ನೀಲಿ ಇದೆಯಲ್ಲ?"

"ಉಪ್ಪು ನೋಡ್ತಾರೆ ಸಿಸ್ಟರ್, ಹಂಡೇದು. ನಾಲಿಗೇಲಿ. ಈಗಷ್ಟೇ ನೋಡಿದ್ರು."

"ಅಯ್ಯೋ ದೇವರೇ," ನರ್ಸು ಎದೆ ಮೇಲೆ ಕೈ ಇಟ್ಟುಕೊಂಡು ನಕ್ಕುಬಿಟ್ಟಳು. "ನಾನು ಹೆದರಿ ಸತ್ತೇಹೋಗಿದ್ದೆ. ಬಣ್ಣದ ಉಗುರಿಗೆ ಈ ಕ್ಲಿಪ್ಪು ಸುಳ್ಳು ಹೇಳುತ್ತೆ ಕಣ್ರೀ."

ಸೊಸೆಯೂ ನಕ್ಕಳು. ಏದುಸಿರಿನ ನಡುವೆ ಮಾವನೂ ನಗಲು ನೋಡಿದ. ಗಾಡಿ ಮೂಲೆಗೆ ಮರಳಿತು. ಸ್ವಲ್ಪ ಹೊತ್ತಿಗೆ ಅದನ್ನು ಇನ್ಯಾರೋ ಎಳೆದುಕೊಂಡು ಹೋದರು.

ಡಾಕ್ಟರು ಆಚೆಯ ಮಂಚದಲ್ಲಿ ಯಾರದೋ ಹೊಟ್ಟೆ ಒತ್ತುತ್ತಿದ್ದರು. ನರ್ಸು ನಿಂತಲ್ಲಿಂದಲೇ ಕೂಗಿ ಹೇಳಿದಳು: ಬೆಂಚಿನ ಮೇಲಿನ ಅಜ್ಜ, ಎದೆ ಹಿಡಿದಿದೆ, ಉಸಿರು ಕಷ್ಟ, ಅಂಕಿ ಕಡಿಮೆ ತೋರಿಸುತ್ತಿದೆ, ಆದರೆ ಬಣ್ಣದ ಕೈ ಸಾರ್. ಡಾಕ್ಟರು ತಲೆ ಎತ್ತಿ ನೋಡಿದರು. ನೋಡಿದ್ದು ಎಂದರೆ ಕಣ್ಣು ಆ ಕಡೆ ತಿರುಗಿತು, ಅಷ್ಟೆ. "ಗ್ಯಾಸಿರಬೇಕು. ಇಂಜೆಕ್ಷನ್ ಕೊಟ್ಟು ಕೂರಿಸಿ, ಬರ್ತೀನಿ." ಬರುವಷ್ಟರಲ್ಲಿ ಒಂದು ಅಪಘಾತ ಬಂತು, ಆಮೇಲೆ ಒಂದು ಹೆರಿಗೆ ದಾರಿ ತಪ್ಪಿ ಇಲ್ಲಿಗೇ ಬಂತು. ಬೆಂಚಿನವರೆಗಿನ ನಾಲ್ಕು ಹೆಜ್ಜೆಯನ್ನು ಆ ಡಾಕ್ಟರು ಆವತ್ತು ನಡೆಯಲೇ ಇಲ್ಲ. ಬಂದು, ಕಾಲಿನ ಬಟ್ಟೆ ಸರಿಸಿ, ಊದಿದ ಮೀನಖಂಡದ ಮೇಲೆ ಒಂದು ಬೆರಳು ಇಟ್ಟಿದ್ದರೆ ಸಾಕಿತ್ತು. ಅದಕ್ಕೆ ಕ್ಲಿಪ್ಪೂ ಬೇಡ, ಕರೆಂಟೂ ಬೇಡ.

"ಉಸಿರು ಸಾಲ್ತಿಲ್ಲ ಕಣಮ್ಮ," ಎಂದ ಮಾವ ಇನ್ನೊಮ್ಮೆ.

"ಇಂಜೆಕ್ಷನ್ ಕೊಟ್ಟಿದಾರಲ್ಲ ಮಾವ. ಇಳಿಯುತ್ತೆ, ಸ್ವಲ್ಪ ತಡ್ಕೊಳ್ಳಿ."

ಅವನು ತಡೆದುಕೊಂಡ. ಹೇಳಿದ್ದನ್ನು ಕೇಳುವ ಜಾತಿಯ ಮನುಷ್ಯನಲ್ಲ. ಆವತ್ತು ಮಾತ್ರ ಕೇಳಿದ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬೆಂಚಿನ ಮೇಲೆ ಬೀಳುವ ಹೊತ್ತಿಗೆ ಸೊಸೆಯ ಭುಜಕ್ಕೆ ಒರಗಿದ್ದ ಅವನ ತಲೆ ಭಾರವಾಯಿತು. ನಿದ್ದೆ ಬಂತೇನೋ ಅಂದುಕೊಂಡಳು. ಅವನು ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದ ಮೇಲೆ ಹಜಾರದಲ್ಲಿ ತುರ್ತು ಕಾಣಿಸಿಕೊಂಡಿತು.

ಮಾವನನ್ನು ಐಸಿಯುಗೆ ಸೇರಿಸಿದ ಮೇಲೆ ಅಲ್ಲಿನ ಲೇಡಿ ಡಾಕ್ಟರು, ಓಡಿ ಬಂದ ಮನೆಯವರಿಗೆಲ್ಲ ಬಿಡಿಸಿ ಹೇಳಿದರು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಆ ಹೆಪ್ಪು ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿದೆ. ಹೆಪ್ಪು ಕರಗಿಸುವ ಔಷಧ ಕೊಟ್ಟಿದ್ದೇವೆ. ಆದರೆ ಗಂಟೆಗಟ್ಟಲೆ ಮೈಗೆ ಆಕ್ಸಿಜನ್ ಸಾಲದೆ ಹೋಗಿದೆ, ಹೃದಯ ಒಮ್ಮೆ ನಿಂತಿತ್ತು, ಮಿದುಳಿಗೆ ಎಷ್ಟು ಪೆಟ್ಟಾಗಿದೆಯೋ ನೋಡಬೇಕು. "ಉಗುರು, ತುಟಿ ನೀಲಿಯಾಗಿದ್ದು ಯಾರಿಗೂ ಕಾಣಲಿಲ್ವಾ?"

ಸೊಸೆ ತನ್ನ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ನಿಂತಿದ್ದಳು.

ಕಾಯುವ ಕೋಣೆಯಲ್ಲಿ ಕುರ್ಚಿಗಳನ್ನು ಒಂದಕ್ಕೊಂದು ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರು. ಒಬ್ಬರು ಮಗ್ಗುಲು ಬದಲಿಸಿದರೆ ಸಾಲು ಪೂರ್ತಿ ಅಲುಗುತ್ತಿತ್ತು. ಅತ್ತೆ ಆ ಸಾಲಿನ ಕೊನೆಯಲ್ಲಿ ಕೂತು ಗೋಡೆಗೆ ಮಾತಾಡುತ್ತಿದ್ದಳು. "ಬೆಳಗ್ಗೆ ನನ್ನ ಹತ್ರ ಜಗಳ ಆಡಿದ ಮನುಷ್ಯ. ನೆಟ್ಟಗೆ ಜಗಳಾನೂ ಮುಗಿಸಲಿಲ್ಲ. ಬಂದು ನೋಡ್ಕೋತೀನಿ ಅಂತ ನಾನೇ ಎದ್ದು ಹೋದೆ." ಮೈದುನ ತಾಯಿಯ ಪಕ್ಕ ಕೂತು, ನಗಿಸುವುದಕ್ಕೆ ನೋಡಿದ. "ಅಪ್ಪಂಗೆ ಒಳಗೆ ಎಸಿ ಇದೆ ಅಮ್ಮ. ಶೆಡ್ಡಲ್ಲಿ ಬೆಂದು ಸಾಕಾಗಿತ್ತು, ಎದ್ದೇಳೋಕೆ ಮನಸ್ಸು ಬರ್ತಿಲ್ಲ." ಅತ್ತೆ ಅವನ ಬೆನ್ನಿಗೆ ಒಂದು ಗುದ್ದಿ, ಆ ಬೆನ್ನಿಗೇ ಮುಖ ಒತ್ತಿಕೊಂಡು ಅತ್ತಳು.

ಐಸಿಯು ಒಳಗೆ ಬಿಡುವುದು ದಿನಕ್ಕೊಬ್ಬರನ್ನು, ಮಧ್ಯಾಹ್ನ, ಐದೇ ನಿಮಿಷ. ಮೊದಲ ದಿನ ದೊಡ್ಡ ಮಗ ಹೋದ. ಮರುದಿನ ಚಿಕ್ಕವನು. ಅತ್ತೆಗೆ ಹೋಗುವ ಧೈರ್ಯ ಬರಲಿಲ್ಲ. ಸೊಸೆಯನ್ನು ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ.

ಸುದ್ದಿ ತಂದವನು ಮೈದುನ. ಹಜಾರ ಒರೆಸುವ ಹೆಂಗಸಿನ ಬಾಯಿಂದ ಅವನಿಗೆ ಸಿಕ್ಕಿತ್ತು. ಅಣ್ಣನನ್ನು ಮೆಟ್ಟಿಲ ಹತ್ತಿರ ಕರೆದು ಹೇಳುತ್ತಿದ್ದಾಗ ಸೊಸೆ ನೀರಿನ ಬಾಟಲಿ ಹಿಡಿದುಕೊಂಡು ಅಲ್ಲೇ ಇದ್ದಳು.

"ಆ ಚಿಕ್ಕ ನರ್ಸು ಇದಾಳಲ್ಲ, ಅಪ್ಪನ ಬೆರಳು ನೋಡಿ, ಅದು ಬಣ್ಣ, ಮಿಷನ್ ಸುಳ್ಳು ಹೇಳ್ತಿದೆ ಅಂತ ಸುಮ್ಮನಾದಳಂತೆ. ಆಕ್ಸಿಜನ್ ಹತ್ತಿರ ತನಕ ಹೋದವಳು ವಾಪಸ್ ಬಂದಳಂತೆ."

ಗಂಡನ ಕತ್ತಿನ ನರ ಉಬ್ಬಿತು. "ಯಾವಳೋ ಅವಳು? ನಮ್ಮ ಅಪ್ಪನ ಜೀವ ಅವಳಿಗೆ ಬಣ್ಣದಂಗೆ ಕಂಡಿತಾ? ಅವಳ ಕೆಲಸ ತೆಗೆಸದೆ ಬಿಟ್ಟರೆ ನಾನು ನಮ್ಮಪ್ಪನಿಗೆ ಹುಟ್ಟಿದ ಮಗನೇ ಅಲ್ಲ." ಹೆಂಡತಿಯ ಕಡೆ ತಿರುಗಿದ. "ನೀನು ಅಲ್ಲೇ ಇದ್ಯಲ್ಲೇ. ನೀನಾದ್ರೂ ಹೇಳೋದಲ್ವಾ?"

"ನಾನು..." ಎಂದಳು ಸೊಸೆ. ಅವನು ಮುಂದಿನ ಮಾತಿಗೆ ಕಾಯಲಿಲ್ಲ. ದಡದಡ ಇಳಿದು ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ ಕೂಗಾಡಿದ. ಅವರು ಕುರ್ಚಿ ಕೊಟ್ಟು ಕೂರಿಸಿ, ನೀರು ಕೊಟ್ಟು, ನಾಳೆಯೇ ನರ್ಸನ್ನು ಕರೆಸಿ ವಿಚಾರಿಸುತ್ತೇನೆ, ಗುತ್ತಿಗೆಯವಳು, ತೆಗೆಯುವುದು ಕಷ್ಟವಲ್ಲ ಎಂದರು. ತಮ್ಮ ಆಸ್ಪತ್ರೆಯಲ್ಲಿ ಕೆಟ್ಟುಹೋದ ಸಾಮಾನಿನ ಬಗ್ಗೆ, ಬಾರದ ಡಾಕ್ಟರ ಬಗ್ಗೆ ಈ ಮನುಷ್ಯ ಬಾಯಿ ಬಿಡುತ್ತಿಲ್ಲ, ಬರೀ ಒಂದು ನರ್ಸಿನ ತಲೆ ಕೇಳುತ್ತಿದ್ದಾನೆ ಎಂದರೆ ಯಾವ ಸೂಪರಿಂಟೆಂಡೆಂಟರು ತಾನೇ ನೀರು ಕೊಡುವುದಿಲ್ಲ?

ಅಂದು ಸಂಜೆ ನಲ್ಲಿಯ ಹತ್ತಿರ ಆ ನರ್ಸೇ ಸೊಸೆಯ ಎದುರು ಬಂದು ನಿಂತಳು. ಯೂನಿಫಾರ್ಮ್ ಇರಲಿಲ್ಲ. ಮನೆಯ ಬಟ್ಟೆಯಲ್ಲಿ ಶಾಲೆಯ ಹುಡುಗಿಯಂತೆ ಕಾಣುತ್ತಿದ್ದಳು.

"ಅಕ್ಕಾ, ನಾಳೆ ನನ್ನ ಕರೆಸಿದಾರೆ."

"ಗೊತ್ತು."

"ನಾನೂ ನೋಡಬೇಕಿತ್ತು. ತಪ್ಪು ನಂದಿಲ್ಲ ಅಂತ ಹೇಳೋಕೆ ಬಂದಿಲ್ಲ. ಕಿವಿಗೆ ಹಾಕೋ ಕ್ಲಿಪ್ ಇದ್ದಿದ್ರೆ ಗೊತ್ತಾಗ್ತಿತ್ತು. ಅದು ಕೆಟ್ಟು ಯಾವ ಕಾಲ ಆಯ್ತೋ, ಕೇಳಿ ಕೇಳಿ ಸಾಕಾಗಿದೆ." ಅವಳು ನಲ್ಲಿಯನ್ನು ಸುಮ್ಮನೆ ತಿರುಗಿಸಿ ಮತ್ತೆ ನಿಲ್ಲಿಸಿದಳು. "ಆದ್ರೆ ತುಟಿ ಯಾಕೆ ನೀಲಿ ಅಂತ ನಾನು ಕೇಳಿದ್ದೆ ಅಲ್ವಾ ಅಕ್ಕ? ಕೇಳಿದ್ದೆ ತಾನೇ? ನಂಗೇ ಈಗ ನಾನು ಕೇಳಿದ್ನೋ ಇಲ್ವೋ ಅಂತ ಅನುಮಾನ ಬರ್ತಿದೆ."

"ಕೇಳಿದ್ರಿ," ಎಂದಳು ಸೊಸೆ.

"ನೀವು ಏನು ಹೇಳಿದ್ರಿ ಅನ್ನೋದನ್ನ ನಾಳೆ ಹೇಳ್ತೀರಾ?"

ಸೊಸೆ ನಲ್ಲಿ ತಿರುಗಿಸಿ ಬಾಟಲಿ ಹಿಡಿದಳು. ಬಾಟಲಿ ತುಂಬಿ ನೀರು ಅವಳ ಕೈಮೇಲೆ ಹರಿಯುತ್ತಿತ್ತು. ನರ್ಸು ನಲ್ಲಿ ನಿಲ್ಲಿಸಿ ಹೋದಳು.

ಹೇಳಿದರೆ ಏನಾಗುತ್ತದೆ ಎಂಬುದು ಸೊಸೆಗೆ ಗೊತ್ತಿರಲಿಲ್ಲವೆಂದಲ್ಲ. ಮಗಳು ಹಾಗೆ ಅಂದಿದ್ದರೆ 'ಪಾಪ, ಗಾಬರೀಲಿ ಅಂದಳು' ಅನ್ನುತ್ತಾರೆ. ಸೊಸೆ ಅಂದರೆ 'ಮಾವನನ್ನು ಮುಗಿಸಿದಳು' ಎನ್ನುತ್ತಾರೆ. ಮನೆಯೊಳಗೆ ಒಂದು ತೂಕ, ಹೊರಗಿನಿಂದ ಬಂದವಳಿಗೆ ಇನ್ನೊಂದು. ಈ ತಕ್ಕಡಿಯನ್ನು ಮುರಿದ ಮನೆ ಇನ್ನೂ ಹುಟ್ಟಿಲ್ಲ. ಆ ಗಂಡ, ಆ ಅಡುಗೆಮನೆ, ಆ ಶೆಡ್ಡು, ಇವು ಅವಳ ಬದುಕು. ಹೇಳದೆ ಇದ್ದರೋ? ಯಾರೂ ಕೇಳುವುದಿಲ್ಲ. ಆ ಹುಡುಗಿ ಹೋಗುತ್ತಾಳೆ, ಅಷ್ಟೆ. ಇಷ್ಟು ಸುಲಭವಾಗಿ ಬದುಕು ಉಳಿಯುತ್ತದೆ ಎಂಬುದನ್ನೇ ಅವಳಿಂದ ಸಹಿಸಲಾಗಲಿಲ್ಲ.

ಮರುದಿನ ಬೆಳಗ್ಗೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಮನೆಯವರಿಗೆ ಕುರ್ಚಿ ಹಾಕಿದ್ದರು. ನರ್ಸಿಗೆ ಇರಲಿಲ್ಲ. ಬೆಂಚಿನವರೆಗೆ ಬಾರದ ಡಾಕ್ಟರು ಮೇಜಿನ ಪಕ್ಕ ಕೂತು ಫೋನು ನೋಡುತ್ತಿದ್ದರು. ಅವರು ಅಲ್ಲಿ ಯಾಕಿದ್ದಾರೆ ಎಂದು ಕೇಳಲು ಯಾರಿಗೂ ಹೊಳೆದಂತಿರಲಿಲ್ಲ.

"ಹೇಳಮ್ಮ," ಎಂದರು ಸೂಪರಿಂಟೆಂಡೆಂಟರು ನರ್ಸಿಗೆ. "ಬಣ್ಣ ಅಂತ ನಿನಗೆ ನೀನೇ ತೀರ್ಮಾನ ಮಾಡಿಕೊಂಡೆಯಾ?"

"ಇಲ್ಲ ಸಾರ್. ಅವರ ಕಡೆಯವರು ಹೇಳಿದ್ರು."

ಗಂಡ ಕುರ್ಚಿಯಿಂದ ಎದ್ದೇಬಿಟ್ಟ. "ನಮ್ಮ ಕಡೆಯವರಾ? ತಪ್ಪು ಮಾಡಿ ನಮ್ಮ ತಲೆಗೆ ಕಟ್ತೀಯಾ? ಯಾರು ಹೇಳಿದ್ದು? ಇವಳೊಬ್ಬಳೇ ಇದ್ದಿದ್ದು ಅಲ್ಲಿ. ಲೇ, ಹೇಳೇ. ನೀನು ಹೇಳಿದ್ಯಾ?"

ನರ್ಸು ತಲೆ ತಗ್ಗಿಸಿದ್ದಳು. ಬೆರಳು ತೋರಿಸಿ 'ಇವರೇ' ಅನ್ನಬಹುದಾಗಿತ್ತು. ಅನ್ನಲಿಲ್ಲ.

"ಹೇಳಿದೆ," ಎಂದಳು ಸೊಸೆ.

ಗಂಡ ಅವಳ ಕಡೆ ತಿರುಗಿದ.

"ಏನಂದೆ?"

"ಬಣ್ಣ ಅಂತ ನಾನೇ ಹೇಳಿದ್ದು ರೀ. ತುಟಿ ಯಾಕೆ ನೀಲಿ ಅಂತ ಕೇಳಿದ್ರು, ಅದಕ್ಕೂ ನಾನೇ ಹೇಳಿದೆ. ಅವರು ಆಕ್ಸಿಜನ್ ತರೋಕೆ ಹೋಗಿದ್ರು. ನಾನೇ ತಡೆದ ಹಾಗಾಯ್ತು."

ಡಾಕ್ಟರು ಮೊದಲ ಸಲ ಫೋನಿನಿಂದ ಕಣ್ಣೆತ್ತಿದರು. ಸೂಪರಿಂಟೆಂಡೆಂಟರು ಕುರ್ಚಿಗೆ ಒರಗಿಕೊಂಡರು. "ನೋಡಿ ಮತ್ತೆ," ಎಂದರು ಎರಡೂ ಕೈ ಅಗಲಿಸಿ. "ಮನೆಯವರೇ ದಾರಿ ತಪ್ಪಿಸಿದ್ರೆ ಆಸ್ಪತ್ರೆಯವರು ಏನು ಮಾಡೋಕಾಗುತ್ತೆ? ತಿಳಿಯದೆ ಹೇಳಿದಾರೆ, ಪಾಪ, ನಾವೂ ದೊಡ್ಡದು ಮಾಡಲ್ಲ. ಇದನ್ನ ಇಲ್ಲಿಗೇ ಬಿಡೋಣ."

ಬಿಡೋಣ ಎಂದವರು ಅವರು. ಆ ಮಾತಿನಿಂದ ಅವರು ಬಿಡಿಸಿಕೊಳ್ಳುತ್ತಿರುವುದು ತಮ್ಮ ಆಸ್ಪತ್ರೆಯ ಕೊರಳನ್ನು ಎಂಬುದು ಸೊಸೆಗೆ ಆಗ ಹೊಳೆಯಿತು. ಅವಳು ಎದ್ದು ನಿಂತಳು. ಕಂಕುಳಲ್ಲಿದ್ದ ಕೈಗಳನ್ನು ತೆಗೆದು ಗಾಜಿನ ಮೇಜಿನ ಮೇಲೆ ಊರಿದಳು. ಸೂಪರಿಂಟೆಂಡೆಂಟರು ತಮಗೆ ಗೊತ್ತಿಲ್ಲದೆಯೇ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

"ನೋಡಿದ್ರಾ ಸಾರ್? ಇದಕ್ಕೇ ಹೇಳೋದು ನಾವು. ಎಲ್ಲಿ ಹೋದ್ರೂ ಮೊದಲು ಅದನ್ನೇ ಹೇಳ್ತೀವಿ. ಹೇಳದಿದ್ರೆ ಯಾರೂ ಮುಟ್ಟಲ್ಲ. ಆವತ್ತು ಹೇಳಿದ ಮೇಲೂ ಈ ಡಾಕ್ಟರು ಮುಟ್ಟಲಿಲ್ಲ. ನಾನು ಓದಿದವಳಲ್ಲ, ಬಣ್ಣ ಅಂದೆ. ಓದಿದವರು ಬಂದು, ಅಲ್ಲ ಕಣಮ್ಮ, ಇದು ಬಣ್ಣ ಅಲ್ಲ ಅನ್ನಬೇಕಿತ್ತು. ಇವರು ಯಾಕೆ ಬರಲಿಲ್ಲ?"

"ಅಮ್ಮಾ, ಆವತ್ತು ಎಷ್ಟು ಕೇಸ್ ಇತ್ತು ಗೊತ್ತಾ..." ಡಾಕ್ಟರು ಶುರು ಮಾಡಿದರು.

"ಸುಮ್ನಿರೇ!" ಗಂಡ ಗುಡುಗಿದ. ಡಾಕ್ಟರಿಗಲ್ಲ, ಹೆಂಡತಿಗೆ. "ಇನ್ನೊಂದು ಮಾತಾಡಿದ್ರೆ ನೋಡು. ಮಾಡಬಾರದ್ದು ಮಾಡಿ ಇವರಿಗೆ ಪಾಠ ಹೇಳ್ತಾಳೆ." ಬಾಗಿಲು ದೂಡಿಕೊಂಡು ಹೊರಗೆ ಹೋದ. ಅವನ ಹಿಂದೆ ಮೈದುನ. ವಿಚಾರಣೆ ಮುಗಿಯಿತು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಉತ್ತರ ಕೊಡದೆಯೇ ಎದ್ದು ಕಾಫಿಗೆ ಹೋದರು.

ಅವಳು ಕಾಯುವ ಕೋಣೆಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಬಂದಿತ್ತು. ಗಂಡ ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ನಿಂತಿದ್ದ. ಮೈದುನ ನೆಲ ನೋಡುತ್ತಿದ್ದ. ಸೊಸೆ ಅತ್ತೆಯ ಪಕ್ಕದ ಕುರ್ಚಿ ಬಿಟ್ಟು ಅದರಾಚೆಯದರಲ್ಲಿ ಕೂತಳು. ಸಾಲು ಅಲುಗಿತು. ಅತ್ತೆ ತಿರುಗಿ ನೋಡಲಿಲ್ಲ.

ಮಧ್ಯಾಹ್ನವಾಯಿತು. ಕಾವಲಿನವನು ಬಾಗಿಲು ಅರ್ಧ ತೆರೆದು ಕೂಗಿದ: "ಬಣ್ಣದಯ್ಯನ ಕಡೆಯವರು ಒಬ್ಬರು!"

ಗಂಡ ಹೊರಟ. "ನಿಲ್ಲು," ಎಂದಳು ಅತ್ತೆ. ಮೂರು ದಿನದಲ್ಲಿ ಅವಳ ಧ್ವನಿ ಬೇರೆ ಯಾರದೋ ಆಗಿತ್ತು. "ಅವಳು ಹೋಗಲಿ."

"ಅಮ್ಮಾ, ಇವಳಾ? ಇವಳು ಮಾಡಿದ್ದಕ್ಕೆ..."

"ಗೊತ್ತು, ಕಿವಿ ಇದೆ ನಂಗೆ. ನೀವಿಬ್ಬರೂ ಹೋಗಿ ಬಂದು ಏನಂದ್ರಿ? ಮಲಗಿದಾರೆ ಅಮ್ಮ, ಚೆನ್ನಾಗಿದಾರೆ ಅಮ್ಮ. ಸುಳ್ಳು ಹೇಳೋಕೆ ನಿಮಗೆ ಬಾಯಿ ಇದೆ. ಇವಳಿಗಿನ್ನು ಅದೂ ಇಲ್ಲ." ಆಮೇಲೆ ಸೊಸೆಯ ಕಡೆ ತಿರುಗಿದಳು. ಆ ಕಣ್ಣಿನಲ್ಲಿ ಕ್ಷಮೆ ಇರಲಿಲ್ಲ. "ಹೋಗು. ಈ ಸಲವಾದ್ರೂ ಕಣ್ಣುಬಿಟ್ಟು ನೋಡು. ನೋಡಿದ್ದನ್ನ ಬಂದು ನಂಗೆ ಹೇಳು."

ಒಳಗೆ ತಂಪಿತ್ತು. ಮಾವ ಮಂಚದಲ್ಲಿ ತುಂಬ ಚಿಕ್ಕವನಾಗಿ ಕಂಡ. ಬಾಯಿಗೆ ಕೊಳವೆ, ಎದೆಗೆ ತಂತಿ. ಯಂತ್ರ ಉಸಿರು ಎತ್ತಿ ಎತ್ತಿ ಇಳಿಸುತ್ತಿತ್ತು. ಯಾರೋ ಅವನ ಉಗುರುಗಳನ್ನು ಏನೋ ಹಾಕಿ ಉಜ್ಜಿ ತಿಕ್ಕಿದ್ದರು. ಬಣ್ಣ ಮುಕ್ಕಾಲು ಪಾಲು ಹೋಗಿತ್ತು, ಸುತ್ತಲಿನ ಚರ್ಮ ಕಿತ್ತುಬಂದಿತ್ತು. ಅವಳು ಆ ಕೈ ಹಿಡಿದುಕೊಂಡಳು. ಮುಖ ನೋಡಿದಳು. ರೆಪ್ಪೆ ಸಂದಿಯಲ್ಲಿ ಕಾಣುತ್ತಿದ್ದ ಕಣ್ಣು ನೋಡಿದಳು. ಅದು ಏನನ್ನೂ ನೋಡುತ್ತಿರಲಿಲ್ಲ. ಕಾಲಿನ ಹತ್ತಿರ ಹೋಗಿ ಬಟ್ಟೆ ಸರಿಸಿ, ಊದಿದ ಮೀನಖಂಡ ನೋಡಿದಳು, ಮುಟ್ಟಿದಳು, ಮತ್ತೆ ಮುಚ್ಚಿದಳು.

ಲೇಡಿ ಡಾಕ್ಟರು ಪಕ್ಕ ಬಂದು ನಿಂತರು.

"ಎದ್ದೇಳ್ತಾರಾ ಡಾಕ್ಟ್ರೇ? ಸಮಾಧಾನಕ್ಕೆ ಹೇಳಬೇಡಿ. ಒಬ್ಬರಿಗೆ ಸಮಾಧಾನ ಹೇಳಿಯೇ ಇಲ್ಲಿಗೆ ಬಂದಿರೋದು ನಾನು."

ಅವರು ಅವಳ ಮುಖವನ್ನೇ ನೋಡಿದರು. "ಇಲ್ಲಮ್ಮ. ಮಿದುಳು ಹೋಗಿದೆ. ಬೆಳಗ್ಗೆಯಿಂದ ಬಿಪಿ ನಿಲ್ತಿಲ್ಲ. ಇವತ್ತೇ ಆಗಬಹುದು."

"ಹಂಗಾದ್ರೆ ಎಲ್ಲರೂ ಬರಲಿ."

"ಒಬ್ಬರನ್ನೇ ಬಿಡೋದು..."

"ಡಾಕ್ಟ್ರೇ, ಮೂರು ದಿನ ಈ ಆಸ್ಪತ್ರೆ ಹೇಳಿದ್ದಕ್ಕೆಲ್ಲ ತಡ್ಕೊಂಡಿದೀವಿ. ಅವರೂ ತಡ್ಕೊಂಡ್ರು. ಇದೊಂದಕ್ಕೆ ತಡ್ಕೊಳ್ಳಲ್ಲ."

ಲೇಡಿ ಡಾಕ್ಟರು ಕಾವಲಿನವನಿಗೆ ಕೈ ಸನ್ನೆ ಮಾಡಿದರು.

ಹೊರಗೆ ಬಂದವಳನ್ನು ಅತ್ತೆ ಕಣ್ಣಿನಲ್ಲೇ ಕೇಳಿದಳು. ಸೊಸೆ ಅವಳ ಕಾಲ ಬಳಿ ನೆಲದ ಮೇಲೆ ಕುಕ್ಕರಿಸಿ ಕೂತು ಹೇಳಿದಳು. "ಉಳಿಯಲ್ಲ ಅತ್ತೆ. ಕಣ್ಣಲ್ಲಿ ಅವರಿಲ್ಲ. ಇವತ್ತೇ ಹೋಗ್ತಾರೆ. ಎಲ್ಲರನ್ನೂ ಒಳಗೆ ಬಿಡಿ ಅಂತ ಕೇಳಿದೀನಿ, ಬಿಡ್ತಾರೆ. ಏಳಿ."

ಅತ್ತೆ ಎದ್ದಳು. ಆಸರೆಗೆ ಕೈ ಚಾಚಿದಳು. ಮಕ್ಕಳಿಬ್ಬರೂ ಮುಂದೆ ಹೋಗಿಬಿಟ್ಟಿದ್ದರು. ಕೈಗೆ ಸಿಕ್ಕ ತೋಳು ಸೊಸೆಯದಾಗಿತ್ತು. ಅದನ್ನೇ ಹಿಡಿದುಕೊಂಡು ಒಳಗೆ ಹೋದಳು. ಮಂಚದ ಹತ್ತಿರ ನಿಂತು, "ಪೇಟೆಯಿಂದ ಬಂದೆ ಕಣ್ರೀ. ಈಗ ಆಡಿ ಜಗಳ," ಎಂದಳು. ಹೊತ್ತು ಇಳಿಯುವ ಮೊದಲು ಯಂತ್ರದ ಗೆರೆ ಮಲಗಿತು.

ಕೆಲವು ವಾರಗಳ ಮೇಲೆ ಆ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಿಗೆ ಒಂದು ಹೊಸ ಬೋರ್ಡು ಬಂತು: 'ಉಗುರಿಗೆ ಬಣ್ಣ ಇರುವವರು ಅಳಿಸಿಕೊಂಡು ಬರತಕ್ಕದ್ದು.' ಒಂದು ಜೀವ ತೆತ್ತು ಆ ಊರು ಕೊಂಡ ಸುಧಾರಣೆ ಇಷ್ಟು. ಕಿವಿಗೆ ಹಾಕುವ ಕ್ಲಿಪ್ಪು ಬಂದಿಲ್ಲ. ಡಾಕ್ಟರು ಅಲ್ಲೇ ಇದ್ದಾರೆ, ಒಬ್ಬರೇ ಇದ್ದಾರೆ. ಚಿಕ್ಕ ನರ್ಸಿನ ಗುತ್ತಿಗೆ ಮುಗಿದಾಗ ಅದನ್ನು ಮುಂದುವರಿಸಲಿಲ್ಲ. ಕಾರಣ ಕೇಳಿದ್ದಕ್ಕೆ ಕಾರಣವೇನೂ ಇಲ್ಲ ಎಂದರಂತೆ.

ಶೆಡ್ಡಿನಲ್ಲಿ ಈಗ ಸೊಸೆ ಒಬ್ಬಳೇ. ಅತ್ತೆ ಅವಳು ಬಡಿಸಿದ್ದನ್ನು ಉಣ್ಣುತ್ತಾಳೆ. ಉಪ್ಪು ಹೆಚ್ಚೋ ಕಡಿಮೆಯೋ ಹೇಳುವುದಿಲ್ಲ. ಗಂಡ ಅವಳೊಡನೆ ಆಡುವ ಮಾತನ್ನೆಲ್ಲ ತಮ್ಮನ ಮೂಲಕ ಆಡುತ್ತಾನೆ. "ನಿನ್ನ ಅತ್ತಿಗೆಗೆ ಹೇಳು, ಬಾಗಿಲು ಹಾಕ್ಕೊಳ್ಳಲಿ." ಮೈದುನ ಮೊದಲೆಲ್ಲ ನಗುತ್ತ, "ಅತ್ತಿಗೆ, ಪೋಸ್ಟ್ ಬಂದಿದೆ," ಎಂದು ಆ ಮಾತನ್ನು ಒಪ್ಪಿಸುತ್ತಿದ್ದ. ಈಚೆಗೆ ಅವನಿಗೂ ನಗು ಬರುವುದಿಲ್ಲ.

ಒಂದು ಬೆಳಗ್ಗೆ ಅವನು ಶೆಡ್ಡಿನ ಹೊಸ್ತಿಲಲ್ಲಿ ನಿಂತ. ಅವಳು ಹಸಿ ಲಡಿಯನ್ನು ಕೋಲಿಗೆ ಹಾಕಿ ಒಬ್ಬಳೇ ಹಿಂಡುತ್ತಿದ್ದಳು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ಒಂದು ಕೇಳ್ತೀನಿ. ಆವತ್ತು ನೀವು ಸುಮ್ಮನೆ ಇದ್ದುಬಿಟ್ಟಿದ್ರೆ..."

ಅವಳು ಕೋಲು ಹಿಡಿದಂತೆಯೇ ತಿರುಗಿದಳು.

"ಯಾವತ್ತು?" ಎಂದಳು. "ಬೆಂಚಿನ ಹತ್ರಾನಾ, ಸೂಪರಿಂಟೆಂಡೆಂಟ್ ರೂಮಲ್ಲಾ?"

ಅವನು ಚಪ್ಪಲಿ ಕಳಚಿಟ್ಟು ಒಳಗೆ ಬಂದು, ಲಡಿಯ ಇನ್ನೊಂದು ಕೊನೆ ಹಿಡಿದುಕೊಂಡು, ಅವಳು ಹಿಂಡಿದ ದಿಕ್ಕಿಗೆ ಎದುರಾಗಿ ಹಿಂಡತೊಡಗಿದ.